ಜಿಬ್ ಹಾಯಿಗೆ ಕೊಂಡಿ: ಬೇಗ ಹಾಕುವಂತಿರಬೇಕು, ತಾನಾಗಿ ಬಿಡುವಂತಿರಬಾರದು

ದಾವಣಗೆರೆ, ಚಿತ್ರದುರ್ಗದ ಕಡೆ ನೀರಿನ ಮೇಲೆ ಕಾಣುವುದು ಮೀನುಗಾರರ ತೆಪ್ಪ, ಹೆಚ್ಚೆಂದರೆ ಮೋಟರ್ ಬೋಟು. ಸೂಳೆಕೆರೆಗೋ ವಾಣಿವಿಲಾಸ ಸಾಗರಕ್ಕೋ ಹನ್ನೆರಡು-ಹದಿನಾಲ್ಕು ಅಡಿಯ ಹಾಯಿದೋಣಿ ತರುವವರಿಗೆ ಎರಡು ತೊಂದರೆ. ಹಾಯಿದೋಣಿಯ ಬಿಡಿಭಾಗ ಇಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವ ಮಾಹಿತಿಯೆಲ್ಲ ಸಮುದ್ರದ ಉಪ್ಪುನೀರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ನಮ್ಮದು ಸಿಹಿನೀರು, ಸುಡುವ ಬಿಸಿಲು, ಗೋಡಿನ ದೂಳು, ಮೇಲಿಂದ ಆಷಾಢದ ಗಾಳಿ. ಕೊಂಡಿ ಆರಿಸುವ ಲೆಕ್ಕ ಅಲ್ಲೇ ಬದಲಾಗುತ್ತದೆ.

ಮೊದಲು ಹೆಸರುಗಳು. ಕೂವೆಕಂಬದ ಮುಂದೆ ಕಟ್ಟುವ ಸಣ್ಣ ತ್ರಿಕೋನದ ಹಾಯಿಯೇ ಜಿಬ್. ದೋಣಿಯ ಮೂತಿಗೆ ಕಟ್ಟುವ ಕೆಳಮೂಲೆಗೆ ಟ್ಯಾಕ್ ಎನ್ನುತ್ತಾರೆ, ಮೇಲಿನ ತುದಿಗೆ ಹೆಡ್, ಹಿಂದಿನ ಮೂಲೆಗೆ ಕ್ಲೂ. ಟ್ಯಾಕ್‌ನಿಂದ ಹೆಡ್‌ವರೆಗಿನ ಮುಂಬದಿಯ ಅಂಚು ಲಫ್. ಹಾಯಿಯನ್ನು ಮೇಲೆತ್ತುವ ಹಗ್ಗ ಹ್ಯಾಲ್ಯರ್ಡ್, ಕ್ಲೂವಿಗೆ ಕಟ್ಟಿ ಎಳೆದು ಬಿಡುವ ಹಗ್ಗ ಶೀಟ್. ಮೂತಿಯಿಂದ ಕಂಬಕ್ಕೆ ಬಿಗಿದ ತಂತಿ ಫೋರ್‌ಸ್ಟೇ, ಕಂಬದ ಎರಡೂ ಪಕ್ಕದ ತಂತಿಗಳು ಶ್ರೌಡ್. ಒಂದೊಂದು ಮೂಲೆಯ ಕೆಲಸ ಒಂದೊಂದು ಥರ. ನಾಲ್ಕೂ ಕಡೆ ಒಂದೇ ಬಗೆಯ ಹುಕ್ಕು ತಂದು ಹಾಕಿದವರಿಗೇ ಹೆಚ್ಚು ತೊಂದರೆಯಾಗುವುದು.

ಎಷ್ಟು ಭಾರ ಬೀಳುತ್ತದೆ

ಶೀಟ್ ಮೇಲೆ ಬೀಳುವ ಎಳೆತಕ್ಕೆ ಸುಲಭ ಲೆಕ್ಕವಿದೆ. ಹಾಯಿಯ ವಿಸ್ತೀರ್ಣವನ್ನು ಚದರ ಮೀಟರಿನಲ್ಲಿ ಹಿಡಿದು, ಗಾಳಿಯ ವೇಗವನ್ನು ನಾಟ್‌ನಲ್ಲಿ ತೆಗೆದುಕೊಂಡು ವರ್ಗ ಮಾಡಿ ಗುಣಿಸಿ, ಬಂದದ್ದನ್ನು 0.021ರಿಂದ ಗುಣಿಸಿದರೆ ಸರಿಸುಮಾರು ಕೆ.ಜಿ. ಸಿಗುತ್ತದೆ. 3.5 ಚದರ ಮೀಟರಿನ ಜಿಬ್‌ಗೆ 10 ನಾಟ್ ಗಾಳಿಯಲ್ಲಿ, ಎಂದರೆ ಗಂಟೆಗೆ ಸುಮಾರು 18.5 ಕಿ.ಮೀ. ವೇಗದಲ್ಲಿ, ಬರುವುದು ಏಳು ಕೆ.ಜಿ. ಅಷ್ಟೇ. 20 ನಾಟ್‌ಗೆ 29 ಕೆ.ಜಿ., 30 ನಾಟ್‌ಗೆ 66 ಕೆ.ಜಿ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ವಿಂಡ್‌ಮಿಲ್ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಈ ವರ್ಗದ ಲೆಕ್ಕ ನೆನಪಿರಲಿ.

ಇದು ಗಾಳಿ ಒಂದೇ ಸಮ ಇದ್ದಾಗಿನ ಮಾತು. ಶೀಟ್ ಕೈತಪ್ಪಿ ಹಾಯಿ ಪಟಪಟ ಬಡಿದುಕೊಳ್ಳತೊಡಗಿದರೆ ಪ್ರತಿ ಬಡಿತಕ್ಕೂ ಜಗ್ಗು ಬೀಳುತ್ತದೆ, ಆ ಜಗ್ಗು ಈ ಅಂಕಿಗಿಂತ ಹಲವು ಪಟ್ಟು. ಹಾಗಾಗಿ ಸಣ್ಣ ದೋಣಿಗೂ 250 ಕೆ.ಜಿ.ಗಿಂತ ಕಡಿಮೆ ತಡೆಯುವ ಕೊಂಡಿ ಬೇಡ.

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು: ನಿಮ್ಮ ದೋಣಿಯ ಕಂಬವನ್ನು ಮುಂದಕ್ಕೆ ಹಿಡಿದಿರುವುದು ಯಾವುದು? ಕೆಲವು ದೋಣಿಗಳಲ್ಲಿ ಬಿಗಿಯಾದ ಫೋರ್‌ಸ್ಟೇ ಇರುತ್ತದೆ, ಜಿಬ್ ಅದಕ್ಕೆ ಜೋತುಬಿದ್ದಿರುತ್ತದೆ. ಬಹಳಷ್ಟು ಸಣ್ಣ ರೇಸಿಂಗ್ ದೋಣಿಗಳಲ್ಲಿ ಹಾಗಲ್ಲ. ಜಿಬ್‌ನ ಲಫ್ ಒಳಗೇ ತಂತಿ ಇರುತ್ತದೆ, ಹ್ಯಾಲ್ಯರ್ಡ್ ಬಿಗಿದಾಗ ಆ ತಂತಿಯೇ ಕಂಬವನ್ನು ಎಳೆದು ನಿಲ್ಲಿಸುತ್ತದೆ, ಫೋರ್‌ಸ್ಟೇ ಸಡಿಲವಾಗಿ ತೂಗಾಡುತ್ತಿರುತ್ತದೆ. ಅಂಥ ದೋಣಿಯಲ್ಲಿ ಟ್ಯಾಕ್ ಮತ್ತು ಹೆಡ್‌ನ ಕೊಂಡಿಗಳ ಮೇಲೆ ಗಾಳಿ ಇರಲಿ ಬಿಡಲಿ 100ರಿಂದ 180 ಕೆ.ಜಿ. ಎಳೆತ ಸದಾ ಇರುತ್ತದೆ. ಅಲ್ಲಿ ಕೊಂಡಿ ಬಿಟ್ಟರೆ ಹೋಗುವುದು ಹಾಯಿ ಮಾತ್ರವಲ್ಲ, ಕಂಬವೂ ಹಿಂದಕ್ಕೆ ವಾಲುತ್ತದೆ. ಹ್ಯಾಲ್ಯರ್ಡ್ ಬಿಗಿದು ಫೋರ್‌ಸ್ಟೇಯನ್ನು ಬೆರಳಿನಿಂದ ಮೀಟಿ ನೋಡಿ. ಜೋಲುತ್ತಿದ್ದರೆ ನಿಮ್ಮದು ಎರಡನೆಯ ಬಗೆ.

ಟ್ಯಾಕ್

ದಿನವೂ ಬಿಚ್ಚಿ ಹಾಕುವ ಮೂಲೆ ಇದು. ಪಿನ್ ಎಳೆದರೆ ತೆರೆದುಕೊಳ್ಳುವ ಸ್ನ್ಯಾಪ್ ಶ್ಯಾಕಲ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ತಿರುಗುವ ಕುತ್ತಿಗೆಯದು ಬೇಡ. ಟ್ಯಾಕ್ ತಿರುಗಬೇಕಾದ ಜಾಗವಲ್ಲ. ಸುಮ್ಮನೆ ಉದ್ದ ಹೆಚ್ಚಿ ಹಾಯಿ ಮೇಲಕ್ಕೆ ಹೋಗುತ್ತದೆ, ಸವೆಯುವ ಕೀಲು ಒಂದು ಜಾಸ್ತಿಯಾಗುತ್ತದೆ. ಹಾಯಿಯನ್ನು ಸುತ್ತಿಡುವ ಫರ್ಲರ್ ಇದ್ದರೆ ಮಾತು ಬೇರೆ, ಅದರ ಡ್ರಮ್ಮೇ ತಿರುಗುತ್ತದೆ.

ಸ್ನ್ಯಾಪ್ ಶ್ಯಾಕಲ್‌ನ ದೌರ್ಬಲ್ಯ ಅದರ ಪಿನ್ನಿಗೆ ಹಾಕಿರುವ ಸಣ್ಣ ಬಳೆ. ಹತ್ತಿರದಿಂದ ನೋಡಿ: ಪಿನ್ನನ್ನು ಒಳಗೆ ಒತ್ತಿ ಹಿಡಿದಿರುವುದು ಒಂದು ತೆಳು ಸ್ಪ್ರಿಂಗು. ಬಳೆಗೆ ಶೀಟ್ ಹಗ್ಗದ ಒಂದು ಸುತ್ತು ಸಿಕ್ಕಿಕೊಂಡು, ಅದೇ ಹೊತ್ತಿಗೆ ಹಾಯಿ ಒಮ್ಮೆ ಬಡಿದರೆ ಸಾಕು, ಪಿನ್ ಅರ್ಧ ಸೆಂಟಿಮೀಟರ್ ಹೊರಬಂದು ಬಾಯಿ ತೆರೆದುಕೊಳ್ಳುತ್ತದೆ. ಪರಿಹಾರ ಎರಡು. ಬಳೆಯನ್ನು ಕಿತ್ತು, ಅದೇ ತೂತಿಗೆ ನಾಲ್ಕು ಬೆರಳುದ್ದದ ತೆಳು ದಾರ ಕಟ್ಟಿ. ದಾರಕ್ಕೆ ಹಗ್ಗ ಸಿಕ್ಕಿಕೊಳ್ಳುವುದಿಲ್ಲ, ಕೈಗೆ ಸಿಗುತ್ತದೆ. ಇಲ್ಲವೇ ಹಾಕಿದ ಮೇಲೆ ಪಿನ್ನಿನ ಸುತ್ತ ಟೇಪು ಎರಡು ಸುತ್ತು ಸುತ್ತಿ. ಕರೆಂಟಿನವರ ಇನ್ಸುಲೇಷನ್ ಟೇಪು ಬಿಸಿಲಿಗೆ ಕರಗಿ ಅಂಟಂಟಾಗುತ್ತದೆ, ತಿಂಗಳಿಗೊಮ್ಮೆ ಬದಲಿಸಲೇಬೇಕು.

ಸ್ನ್ಯಾಪ್ ಶ್ಯಾಕಲ್ ತರಿಸಲು ಮನಸ್ಸಿಲ್ಲದಿದ್ದರೆ 5 ಮಿ.ಮೀ. ಸ್ಟೀಲಿನ ಡಿ-ಶ್ಯಾಕಲ್, ಎಂದರೆ ಬಾಯಿಗೆ ಅಡ್ಡ ತಿರುಪು ಪಿನ್ ಹಾಕಿ ಮುಚ್ಚುವ ಡಿ ಆಕಾರದ ಕೊಂಡಿ, ಸಾಕು. ತಿರುಪು ಪಿನ್ ನೀರಿಗೆ ಬಿದ್ದರೆ ಮುಗಿಯಿತು, ಆದ್ದರಿಂದ ಪಿನ್ ಪೂರ್ತಿ ಹೊರಬರದ, ಶ್ಯಾಕಲ್‌ನಲ್ಲೇ ಉಳಿಯುವ ಬಗೆಯದನ್ನು ಕೇಳಿ. ಜೋಕಾಲಿ ಸರಪಳಿಗೆ ಹಾಕುವ, ನಟ್ಟು ತಿರುಗಿಸಿ ಮುಚ್ಚುವ ಕೊಂಡಿಯೂ ನಡೆಯುತ್ತದೆ. ಕ್ವಿಕ್ ಲಿಂಕ್ ಎಂದರೆ ಅದೇ, ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ನಟ್ಟನ್ನು ಬೆರಳಿನಿಂದ ಬಿಗಿದು, ಕೊನೆಯ ಕಾಲು ಸುತ್ತು ಸ್ಪ್ಯಾನರಿನಲ್ಲಿ ತಿರುಗಿಸಿ. ಬೆರಳಿನ ಬಿಗಿತವೊಂದನ್ನೇ ನಂಬಿದರೆ ಅಲುಗಾಟಕ್ಕೆ ಸಡಿಲಾಗುತ್ತದೆ.

ಕೊಳ್ಳುವ ಮೊದಲು ಹಾಯಿಯ ಟ್ಯಾಕ್ ಕಣ್ಣನ್ನು ಅಳೆಯಿರಿ, ಕಣ್ಣಿನ ಒಳವ್ಯಾಸ ಮಾತ್ರವಲ್ಲ, ಪದರ ಪದರವಾಗಿ ಹೊಲಿದ ಬಟ್ಟೆಯ ದಪ್ಪವನ್ನೂ. ಶ್ಯಾಕಲ್‌ನ ಬಾಯಗಲ ಆ ದಪ್ಪಕ್ಕಿಂತ ಕನಿಷ್ಠ 2 ಮಿ.ಮೀ. ಹೆಚ್ಚಿರಬೇಕು. ಅಂಗಡಿಯಲ್ಲಿ ಭಾರ ಕೇಳಿ ತಂದ ಶ್ಯಾಕಲ್ ಕೊನೆಗೆ ಹಾಯಿಯ ಮೂಲೆಯೊಳಗೆ ಹೋಗದೆ ಕೂರುವುದು ಮಾಮೂಲು.

ಲಫ್ ಉದ್ದಕ್ಕೂ: ಹ್ಯಾಂಕ್‌ಗಳು

ಬಿಗಿಯಾದ ಫೋರ್‌ಸ್ಟೇ ಇರುವ ದೋಣಿಗೆ ಮಾತ್ರ ಇವು ಬೇಕು. ಪರದೆಯ ಬಳೆಗಳ ಹಾಗೆ ತಂತಿಯ ಮೇಲೆ ಜಾರುವ ಕೊಂಡಿಗಳಿವು. ನಾಲ್ಕು ಮೀಟರ್ ಲಫ್‌ಗೆ ಅರ್ಧ ಮೀಟರಿಗೆ ಒಂದರಂತೆ ಎಂಟು ಸಾಕು. ಮೊದಲನೆಯದು ಟ್ಯಾಕ್‌ನಿಂದ 10-15 ಸೆಂ.ಮೀ. ಮೇಲಿರಲಿ. ಅಂತರ ಹೆಚ್ಚಾದರೆ ಎರಡು ಹ್ಯಾಂಕ್‌ಗಳ ನಡುವೆ ಲಫ್ ಹಿಂದಕ್ಕೆ ಜೋಲಿ, ತೋರಣ ಕಟ್ಟಿದಂತೆ ಬಳುಕುತ್ತದೆ; ದೋಣಿ ಗಾಳಿ ಬರುವ ದಿಕ್ಕಿಗೆ ಹತ್ತಿರವಾಗಿ ಸಾಗುವುದಿಲ್ಲ.

ಹಳೆಯ ನಂಬಿಕಸ್ಥ ಬಗೆ ಪಿಸ್ಟನ್ ಹ್ಯಾಂಕ್. ಹೆಬ್ಬೆರಳಿನಿಂದ ಗುಂಡಿ ಹಿಂದಕ್ಕೆಳೆದರೆ ಬಾಯಿ ತೆರೆಯುತ್ತದೆ, ಬಿಟ್ಟರೆ ಸ್ಪ್ರಿಂಗು ಮುಚ್ಚುತ್ತದೆ. ಹಿತ್ತಾಳೆ ಅಥವಾ ಕಂಚಿನದು ತೆಗೆದುಕೊಳ್ಳಿ. ಸ್ಟೀಲಿನ ಹ್ಯಾಂಕ್ ಸ್ಟೀಲಿನ ತಂತಿಯ ಮೇಲೆ ಉಜ್ಜಿದರೆ ತಂತಿಯೇ ಸವೆಯುತ್ತದೆ. ಹಿತ್ತಾಳೆಯಾದರೆ ಹ್ಯಾಂಕ್ ಸವೆಯುತ್ತದೆ. ಸವೆದ ಹ್ಯಾಂಕ್ ಬದಲಿಸುವುದು ಹತ್ತು ನಿಮಿಷದ ಕೆಲಸ, ಫೋರ್‌ಸ್ಟೇ ಬದಲಿಸುವುದೆಂದರೆ ಕಂಬ ಇಳಿಸಬೇಕು. ಸಣ್ಣ ದೋಣಿಯ ಫೋರ್‌ಸ್ಟೇ 2.5 ಅಥವಾ 3 ಮಿ.ಮೀ. ಇರುತ್ತದೆ, ಹ್ಯಾಂಕಿನಲ್ಲಿ ಅತಿ ಸಣ್ಣ ಅಳತೆಯದೇ ಸರಿ. ತಂತಿಯ ಕೆಳತುದಿಯಲ್ಲಿ ಒತ್ತಿ ಕೂರಿಸಿದ ಕೊಳವೆ ದಪ್ಪಗಿರುತ್ತದೆ, ಕೊನೆಯ ಹ್ಯಾಂಕ್ ಅದರ ಮೇಲೆ ಕೂತರೆ ಹಾಯಿ ಇಳಿಸುವಾಗ ಅಲ್ಲೇ ಸಿಕ್ಕಿಬೀಳುತ್ತದೆ. ಕೊಳ್ಳುವಾಗ ತಂತಿಯನ್ನಷ್ಟೇ ಅಲ್ಲ, ಆ ಕೊಳವೆಯನ್ನೂ ಅಳೆಯಿರಿ.

ಇಲ್ಲಿ ಪಿಸ್ಟನ್ ಹ್ಯಾಂಕ್‌ನ ಶತ್ರು ತುಕ್ಕಲ್ಲ, ದೂಳು. ವಾಣಿವಿಲಾಸ ಸಾಗರದ ಮಟ್ಟ ವರ್ಷದಿಂದ ವರ್ಷಕ್ಕೆ ಬಹಳ ಏರಿಳಿಯುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ಈ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಇಳಿದಾಗ ಹಾಯಿ ಕಟ್ಟುವುದು ಒಣಗಿದ ಗೋಡಿನ ಮೇಲೆ. ಆ ನಯವಾದ ಮಣ್ಣು ಪಿಸ್ಟನ್ ಒಳಗೆ ಸೇರಿ, ಬಾಯಿ ಅರ್ಧ ತೆರೆದೇ ಉಳಿಯುತ್ತದೆ. ಇದಕ್ಕೆ ಗ್ರೀಸ್ ಹಚ್ಚಬೇಡಿ, ಎಣ್ಣೆಯೂ ಬೇಡ. ಎರಡೂ ದೂಳನ್ನು ಹಿಡಿದು ಅರಗಿನಂತಾಗುತ್ತವೆ, ಹಾಯಿಗೆ ಕಲೆ ಬೇರೆ. ಬಕೆಟ್ ನೀರಿನಲ್ಲಿ ಅದ್ದಿ ಪಿಸ್ಟನ್ ಹತ್ತು ಸಲ ಆಡಿಸಿ ಒಣಗಿಸಿ, ಮೇಣದಬತ್ತಿಯನ್ನು ಪಿಸ್ಟನ್ ಮೇಲೆ ಸವರಿ. ಕಟ್ಟುವಾಗ ನೆಲಕ್ಕೊಂದು ಹಳೆಯ ಟಾರ್ಪಾಲು ಹಾಸಿದರೆ ಅರ್ಧ ಕಷ್ಟ ತಪ್ಪುತ್ತದೆ.

ಪ್ಲಾಸ್ಟಿಕ್ ಹ್ಯಾಂಕ್ ಅಗ್ಗ, ಹಗುರ. ಆದರೆ ನಮ್ಮ ಬಿಸಿಲಿಗೆ ಬೆಳ್ಳಗಾಗಿ, ಗರಿಗರಿಯಾಗಿ ಒಡೆಯುತ್ತದೆ. ಮೈಮೇಲೆ ಬಿಳಿ ಪುಡಿ ಕಂಡರೆ ಕಾಯಬೇಡಿ, ಎಸೆಯಿರಿ.

ಹ್ಯಾಂಕನ್ನು ಹಾಯಿಗೆ ಕೂರಿಸಲು ದಾವಣಗೆರೆಯಲ್ಲಿ ಪರದಾಡಬೇಕಿಲ್ಲ. ಲಾರಿ ಟಾರ್ಪಾಲು ಹೊಲಿಯುವವರ ಬಳಿ ಹಿತ್ತಾಳೆ ಕಣ್ಣು ಕೂರಿಸುವ ಅಚ್ಚು, ದಪ್ಪ ಸೂಜಿ ಇರುತ್ತವೆ. ಹತ್ತಿ ದಾರ ಬೇಡ, ನೈಲಾನ್ ದಾರವೂ ಬೇಡ, ಪಾಲಿಯೆಸ್ಟರ್ ದಾರ ಎಂದು ಹೇಳಿ. ನೈಲಾನ್ ಹಿಗ್ಗುತ್ತದೆ, ಬಿಸಿಲಿಗೂ ಬೇಗ ಸೋಲುತ್ತದೆ. ಎಲ್ಲ ಹ್ಯಾಂಕ್‌ಗಳ ಬಾಯಿಯೂ ಒಂದೇ ಕಡೆ ತಿರುಗಿರಬೇಕು. ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಹೊಲಿಸಿದರೆ ಗಾಳಿಯಲ್ಲಿ ಕಟ್ಟುವಾಗ ಗೊತ್ತಾಗದಂತೆ ಹಾಯಿ ತಿರುಚಿಕೊಳ್ಳುತ್ತದೆ.

ಕ್ಲೂ: ಇಲ್ಲಿ ಲೋಹ ಬೇಡ

ಇದೊಂದು ವಿಷಯದಲ್ಲಿ ರಿಯಾಯಿತಿ ಇಲ್ಲ. ಕ್ಲೂ ಬಡಿಯುವುದು ಮುಂದೆ ಕೂತವರ ಮುಖದ ಮಟ್ಟದಲ್ಲಿ. ಅಲ್ಲಿ ಕ್ಯಾರಬೈನರ್, ಎಂದರೆ ಸ್ಪ್ರಿಂಗ್ ಬಾಯಿಯ ಲೋಹದ ಕೊಂಡಿ, ಹಾಕಿದರೆ ಅದು ಕವಣೆಕಲ್ಲು. ಕಣ್ಣು, ಹಲ್ಲು ಹೋಗುವುದಕ್ಕೆ ಒಂದು ಬಡಿತ ಸಾಕು. ತಿರುವು ತೆಗೆದುಕೊಳ್ಳುವಾಗ ಕಂಬಕ್ಕೂ ಶ್ರೌಡ್‌ಗೂ ಸಿಕ್ಕಿಕೊಳ್ಳುವುದೂ ಅದೇ.

ಬಾವುಟ ಕಟ್ಟಲು ಬಳಸುವ ಇಂಗಲ್‌ಫೀಲ್ಡ್ ಕ್ಲಿಪ್ ಇಲ್ಲಿಗೆ ಕೆಲವರು ಹಾಕುತ್ತಾರೆ. ಸೀಳು ಇರುವ ಎರಡು ಬಳೆಗಳು ಅವು. ಒಂದಕ್ಕೊಂದು ಅಡ್ಡ ಹಿಡಿದರೆ ಸೇರಿಕೊಳ್ಳುತ್ತವೆ, ಎಳೆತ ಇದ್ದಷ್ಟು ಹೊತ್ತು ಬಿಡುವುದಿಲ್ಲ. ಆದರೆ ಸಡಿಲಾಗಿ ಒದ್ದಾಡುವಾಗ ಮತ್ತೆ ಅಡ್ಡ ತಿರುಗುವ ಸಾಧ್ಯತೆ ಇದೆ, ಒದ್ದಾಡುವುದೇ ಕ್ಲೂವಿನ ಕೆಲಸ. ಬಾವುಟಕ್ಕೆ ಇರಲಿ.

ಸರಳ ದಾರಿ ಇದು. 8 ಮಿ.ಮೀ. ಪಾಲಿಯೆಸ್ಟರ್ ಹೆಣಿಗೆ ಹಗ್ಗ ಏಳೆಂಟು ಮೀಟರ್, ತುಂಡು ಮಾಡದೆ ತೆಗೆದುಕೊಳ್ಳಿ. ನಟ್ಟನಡುವೆ ಮಡಿಸಿ, ಮಡಿಕೆಯನ್ನು ಕ್ಲೂ ಕಣ್ಣಿನೊಳಗೆ ತೂರಿಸಿ, ಎರಡೂ ತುದಿಗಳನ್ನು ಆ ಮಡಿಕೆಯೊಳಗಿಂದ ಎಳೆದರೆ ಜೋಡಿ ಕುಣಿಕೆ ಬಿಗಿಯುತ್ತದೆ. ಗಂಟು ಚಪ್ಪಟೆ, ಶ್ರೌಡ್‌ಗೆ ಸಿಕ್ಕಿಕೊಳ್ಳುವುದಿಲ್ಲ, ಖರ್ಚಿಲ್ಲ. ಒಂದೇ ಜಿಬ್ ಇರುವವರಿಗೆ ಇದಕ್ಕಿಂತ ಬೇರೇನೂ ಬೇಡ. ಲಾರಿಗೆ ಕಟ್ಟುವ ನೈಲಾನ್ ಹಗ್ಗ ಮಾತ್ರ ಬೇಡ, ಹಿಗ್ಗಿ ಹಿಗ್ಗಿ ಹಾಯಿಯ ಹೊಂದಿಕೆಯೇ ಕೆಡುತ್ತದೆ.

ಗಾಳಿ ನೋಡಿ ಎರಡು ಜಿಬ್ ಬದಲಿಸುವವರು ಹಗ್ಗದ ಶ್ಯಾಕಲ್ ಮಾಡಿಕೊಳ್ಳಬಹುದು. 3 ಮಿ.ಮೀ. ಡೈನೀಮಾ (ಬಹಳ ಗಟ್ಟಿಯಾದ ಪಾಲಿಥಿನ್ ನೂಲು) ಹಗ್ಗ, ಹನ್ನೆರಡು ಎಳೆಯ ಪೊಳ್ಳು ಹೆಣಿಗೆಯದು, 80 ಸೆಂ.ಮೀ. ಬೇಕು. ಉಕ್ಕಿನಷ್ಟು ಗಟ್ಟಿ, ಗರಿಯಷ್ಟು ಹಗುರ, ಮುಖಕ್ಕೆ ಬಡಿದರೂ ಲೋಹದಷ್ಟು ಗಾಯ ಮಾಡುವುದಿಲ್ಲ. ಕಬ್ಬಿಣ ಕಟ್ಟುವ ಬೈಂಡಿಂಗ್ ವೈರನ್ನು ಎರಡಾಗಿ ಮಡಿಸಿದರೆ ಅದೇ ಸೂಜಿ.

1. ಹಗ್ಗವನ್ನು ಸರಿ ಅರ್ಧಕ್ಕೆ ಮಡಿಸಿ. ಒಂದು ಕಾಲಿನ ಮೇಲೆ ಮಡಿಕೆಯಿಂದ 3 ಸೆಂ.ಮೀ. ದೂರದಲ್ಲಿ ಪೆನ್ನಿನ ಗುರುತು, ಅಲ್ಲಿಂದ ಮತ್ತೆ 9 ಸೆಂ.ಮೀ. ದೂರದಲ್ಲಿ ಇನ್ನೊಂದು ಗುರುತು.

2. ಎರಡನೆಯ ಗುರುತಿನಲ್ಲಿ ವೈರನ್ನು ಹೆಣಿಗೆಯೊಳಗೆ ತೂರಿಸಿ ಮೊದಲ ಗುರುತಿನಲ್ಲಿ ಹೊರತೆಗೆಯಿರಿ. ಇನ್ನೊಂದು ಕಾಲಿನ ತುದಿಯನ್ನು ಸಿಕ್ಕಿಸಿ ವಾಪಸ್ಸು ಎಳೆಯಿರಿ. ಈಗ ಒಂದು ಕಾಲು ಇನ್ನೊಂದರ ಹೊಟ್ಟೆಯೊಳಗಿದೆ, ಮಡಿಕೆ ಕುಣಿಕೆಯಾಗಿದೆ. ಹೊರ ಹೆಣಿಗೆಯನ್ನು ಹಿಂದಕ್ಕೆ ಸರಿಸಿದರೆ ಕುಣಿಕೆ ಹಿಗ್ಗುತ್ತದೆ, ನೀವಿದರೆ ಕುಗ್ಗುತ್ತದೆ.

3. ಉಳಿದ ಎರಡು ಬಾಲಗಳಿಂದ ಡೈಮಂಡ್ ಗಂಟು. ಒಂದು ಬಾಲದಿಂದ ಸಣ್ಣ ಸುರುಳಿ ಮಾಡಿ ಇನ್ನೊಂದನ್ನು ಅದರ ಮೇಲೆ-ಕೆಳಗೆ-ಮೇಲೆ-ಕೆಳಗೆ ನೇಯಿರಿ. ಆಮೇಲೆ ಎರಡೂ ಬಾಲಗಳು ಪಕ್ಕದ ಎಳೆಯನ್ನು ಬಳಸಿ ಬಂದು, ನಡುವಿನ ಕಣ್ಣಿನೊಳಗಿಂದ ಮೇಲೆ ಬರಬೇಕು.

4. ಗಂಟನ್ನು ಕೈಯಿಂದ ಬಿಗಿದು ಬಿಡಬೇಡಿ. ಕುಣಿಕೆಯನ್ನು ಗಂಟಿಗೆ ಸಿಕ್ಕಿಸಿ, ಒಂದು ಕಡೆ ಟ್ರ್ಯಾಕ್ಟರಿನ ಹುಕ್ಕಿಗೋ ಕಿಟಕಿಯ ಸರಳಿಗೋ ಹಾಕಿ, ಮೈಭಾರ ಬಿಟ್ಟು ಜಗ್ಗಿ. ಗಂಟು ಎದ್ದು ಕಾಣುವಷ್ಟು ಕುಗ್ಗುತ್ತದೆ. ಬಾಲವನ್ನು ಒಂದೂವರೆ ಸೆಂ.ಮೀ. ಉಳಿಸಿ ಹೊಸ ಬ್ಲೇಡಿನಲ್ಲಿ ಕತ್ತರಿಸಿ.

ಕೆಡುವುದು ಹೆಚ್ಚಾಗಿ ನಾಲ್ಕನೆಯ ಹೆಜ್ಜೆಯಲ್ಲೇ. ಬಿಗಿಯದ ಗಂಟು ನೀರಿನ ಮೇಲೆ ಮೊದಲ ಜಗ್ಗಿಗೆ ಸಣ್ಣದಾಗಿ ಕುಣಿಕೆಯಿಂದ ನುಣುಚಿಕೊಳ್ಳುತ್ತದೆ. ಬೆಂಕಿಕಡ್ಡಿಯಿಂದ ಬಾಲ ಸುಡುವ ಅಭ್ಯಾಸವೂ ಇಲ್ಲಿ ಕೂಡದು. ಡೈನೀಮಾ 150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಗಂಟಿನ ಬುಡಕ್ಕೆ ಬಿಸಿ ತಾಗಿದರೆ ಬಲ ಹೋಯಿತು. ಹಾಕಿದ ಮೇಲೆ ಕುಣಿಕೆ ಗಂಟಿನ ಕುತ್ತಿಗೆಗೆ ಬಿಗಿಯಾಗಿ ಕೂರುವಂತೆ ಹೊರ ಹೆಣಿಗೆಯನ್ನು ಒಮ್ಮೆ ನೀವಿ.

ಹೆಡ್

ಹ್ಯಾಲ್ಯರ್ಡ್ ತುದಿಗೆ ಪಿನ್ ಹೊರಬೀಳದ 4 ಅಥವಾ 5 ಮಿ.ಮೀ. ಡಿ-ಶ್ಯಾಕಲ್ ಹಾಕಿ. ಇಲ್ಲಿ ಸ್ನ್ಯಾಪ್ ಶ್ಯಾಕಲ್ ಬೇಡವೆನ್ನುವುದು ನಮ್ಮ ಅಭಿಪ್ರಾಯ, ಮೇಲೆ ಹೋದ ಮೇಲೆ ಅದನ್ನು ನೋಡುವವರಿಲ್ಲ. ಬರಿಯ ಬೋಲೈನ್ ಗಂಟೂ (ಎಳೆದರೂ ಕುಗ್ಗದ ಕುಣಿಕೆಯ ಗಂಟು) ಆಗುತ್ತದೆ, ಪಾಲಿಯೆಸ್ಟರ್ ಹಗ್ಗವಾದರೆ. ಡೈನೀಮಾ ನುಣುಪು, ಬೋಲೈನ್ ಜಾರುತ್ತದೆ. ಅದಕ್ಕೆ ಹೆಣೆದ ಕುಣಿಕೆಯೇ ಬೇಕು.

ಅಂಗಡಿಯಲ್ಲಿ ನಿಂತಾಗ

ಜೇಬಿನಲ್ಲೊಂದು ಆಯಸ್ಕಾಂತ ಇಟ್ಟುಕೊಳ್ಳಿ. ಹಳೆಯ ಸ್ಪೀಕರಿನದಾದರೂ ಸರಿ. 304, 316 ದರ್ಜೆಯ ಸ್ಟೀಲಿಗೆ ಅದು ಅಂಟುವುದಿಲ್ಲ, ಬಾಗಿಸಿದ ಜಾಗದಲ್ಲಿ ಸ್ವಲ್ಪ ಎಳೆಯಬಹುದು ಅಷ್ಟೇ. ಟಪ್ಪನೆ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. 316 ಉಪ್ಪುನೀರಿಗಾಗಿ ಇರುವ ದರ್ಜೆ. ನಮ್ಮ ಕೆರೆಗೆ 304 ಧಾರಾಳ, ಹೆಚ್ಚಿನ ದುಡ್ಡನ್ನು ಲೈಫ್ ಜಾಕೆಟ್‌ಗೆ ಹಾಕಿ.

ಕೀಲಿಗೊಂಚಲಿಗೆ ಹಾಕುವ ಬಣ್ಣದ ಅಲ್ಯೂಮಿನಿಯಂ ಕ್ಯಾರಬೈನರ್‌ಗಳನ್ನು ಮುಟ್ಟಲೇಬೇಡಿ. ಒಳ್ಳೆಯ ಕ್ಯಾರಬೈನರ್ ಕೂಡ ಬಾಯಿ ಪೂರ್ತಿ ಮುಚ್ಚದಿದ್ದಾಗ ತನ್ನ ಬಲದ ಮೂರನೆಯ ಒಂದರಷ್ಟನ್ನೇ ತಡೆಯುತ್ತದೆ. ಕೆತ್ತಿದ ಅಂಕಿಗಳನ್ನು ಓದಿ: ಡಬ್ಲ್ಯುಎಲ್ಎಲ್ ಎಂದಿದ್ದರೆ ದಿನನಿತ್ಯ ಹೊರಿಸಬಹುದಾದ ಭಾರ, ಬಿಎಲ್ ಎಂದಿದ್ದರೆ ಮುರಿಯುವ ಭಾರ. ಎರಡನೆಯದನ್ನು ಮೊದಲನೆಯದೆಂದು ತಿಳಿಯಬಾರದು. ಅಂಕಿಯೇ ಇಲ್ಲದ ಮಾಲು ಎತ್ತಿನ ಕೊಟ್ಟಿಗೆಗೆ ಸರಿ. ಪಿಸ್ಟನ್ ಹ್ಯಾಂಕ್, ಸ್ನ್ಯಾಪ್ ಶ್ಯಾಕಲ್‌ಗಳನ್ನು ಆನ್‌ಲೈನಿನಲ್ಲೋ, ಚೆನ್ನೈ, ಮುಂಬೈ, ಗೋವಾದ ದೋಣಿ ಸಾಮಾನಿನ ಅಂಗಡಿಗಳಿಂದಲೋ ತರಿಸಬೇಕು. ಟ್ಯಾಕ್‌ಗೆ ಪಟ್ಟಿ, ಬಳೆ ಬೇಕಾದರೆ ಹರಿಹರದ ಲೇತಿನವರು ಅಳತೆಗೆ ಮಾಡಿಕೊಡುತ್ತಾರೆ.

ತಂದ ಮೇಲೆ ನೀರಿಗೆ ಒಯ್ಯುವ ಮೊದಲು ಪರೀಕ್ಷೆ. ಸಿಮೆಂಟ್ ಚೀಲ 50 ಕೆ.ಜಿ. ಇರುತ್ತದೆ. ಗಟ್ಟಿ ತೊಲೆಗೆ ಕೊಂಡಿ ಕಟ್ಟಿ ಎರಡು ಚೀಲ, ಕಂಬ ಹಿಡಿಯುವ ಕೊಂಡಿಯಾದರೆ ನಾಲ್ಕು ಚೀಲ, ಹತ್ತು ನಿಮಿಷ ತೂಗಿಸಿ. ಚೀಲ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಕಾಲು ಕೆಳಗಿಡಬಾರದು. ಇಳಿಸಿದ ಮೇಲೆ ಪಿನ್ ಮೊದಲಿನಷ್ಟೇ ಸಲೀಸಾಗಿ ಆಡಬೇಕು. ಎಲ್ಲಾದರೂ ಹಿಡಿದರೆ ಲೋಹ ಬಾಗಿದೆ, ವಾಪಸ್ಸು ಕೊಡಿ.

ಕಟ್ಟುವ ಕ್ರಮ

ಜಲಾಶಯದ ಉಸ್ತುವಾರಿ ನೋಡುವ ಇಲಾಖೆಯ ಅನುಮತಿ ಮೊದಲೇ ಆಗಿರಲಿ. ದೋಣಿಯ ಮೂತಿ ಗಾಳಿಗೆ ಎದುರಾಗಿರಲಿ. ಮೊದಲು ಟ್ಯಾಕ್, ಆಮೇಲೆ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹ್ಯಾಂಕ್, ಬಳಿಕ ಶೀಟ್, ಎಲ್ಲಕ್ಕಿಂತ ಕೊನೆಗೆ ಹ್ಯಾಲ್ಯರ್ಡ್. ಹ್ಯಾಲ್ಯರ್ಡನ್ನು ಮೊದಲೇ ಸಿಕ್ಕಿಸಿದರೆ ಒಂದು ಬೀಸು ಗಾಳಿಗೆ ಹಾಯಿ ಅರ್ಧ ಏರಿ, ಉಳಿದದ್ದನ್ನು ಕಟ್ಟಲು ಬಿಡುವುದಿಲ್ಲ. ಹಾಯಿಯನ್ನು ತಲೆಕೆಳಗು ಕಟ್ಟುವುದು ಹೊಸಬರ ಮಾಮೂಲಿ ತಪ್ಪು. ಟ್ಯಾಕ್ ಮೂಲೆಯಲ್ಲಿ ಅಳಿಯದ ಮಸಿಯಿಂದ ಟ ಎಂದು ಬರೆದಿಡಿ. ಹ್ಯಾಲ್ಯರ್ಡ್ ಎಳೆಯುವ ಮೊದಲು ತಲೆಯೆತ್ತಿ ನೋಡಿ, ಅದು ಫೋರ್‌ಸ್ಟೇಗೆ ಸುತ್ತಿಕೊಂಡಿರಬಾರದು.

ಇಳಿಸುವಾಗ ಹೆಡ್‌ನಿಂದ ಬಿಚ್ಚಿದ ಶ್ಯಾಕಲನ್ನು ಕೈಬಿಡದೆ ಟ್ಯಾಕ್‌ನ ಬಳೆಗೆ ಸಿಕ್ಕಿಸಿ. ಬಿಟ್ಟರೆ ಹ್ಯಾಲ್ಯರ್ಡ್‌ನ ಇನ್ನೊಂದು ತುದಿಯ ಭಾರಕ್ಕೆ ಅದು ಸರ್ರನೆ ಕಂಬದ ತುದಿಗೆ ಹೋಗಿ ಕೂರುತ್ತದೆ. ಹಾಗಾದಾಗ ಕಂಬ ಹತ್ತಲು ಯಾರೂ ಹೋಗಬೇಡಿ. ದೋಣಿಯನ್ನು ದಡಕ್ಕೆ ತಂದು, ಟಾರ್ಪಾಲಿನ ಮೇಲೆ ಮಗ್ಗುಲಿಗೆ ಮಲಗಿಸಿದರೆ ತುದಿ ಕೈಗೆ ಸಿಗುತ್ತದೆ.